ಕೋಚ್ ಸೆಂಡಾಳ ಕೈಸನ್ನೆ

ಬಾಕೊಲೋದ್ ಪೇಟೆಯ ಒಂದು ಬ್ಯಾಂಕಿನಲ್ಲಿ ರೊಸೆಂಡಾ ಮಗ್ಬನುವಾ ಒಂದೇ ಒಂದು ಮಳೆಗಾಲ ಕೆಲಸಕ್ಕೆ ಕೂತಿದ್ದಳು. ಕೂತಿದ್ದಳು ಎನ್ನುವುದು ಮರ್ಯಾದೆಯ ಮಾತು. ಗಿರಾಕಿಯ ಕೈಯಿಂದ ಪೆನ್ನು ಜಾರಿದರೆ ಅದು ನೆಲ ಮುಟ್ಟುವ ಮೊದಲೇ ಕೌಂಟರಿನ ಮೇಲಿಂದ ಬಾಗಿ ಹಿಡಿಯುತ್ತಿದ್ದಳು. ಯಾರೂ ಬಾರದ ಹೊತ್ತಿನಲ್ಲಿ ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡುಗಳನ್ನೆಲ್ಲ ಉಂಡೆ ಕಟ್ಟಿ ಗೋಡೆಗೆ ಹೊಡೆದು ಹಿಡಿಯುತ್ತಿದ್ದಳು. ಮ್ಯಾನೇಜರು ಒಳ್ಳೆಯ ಮನುಷ್ಯ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು.

"ಇಂದಾಯ್, ಮಗಳೇ, ನಿಂಗೆ ಕುರ್ಚಿ ಯಾಕ್ ಕೊಟ್ಟಿರೋದು?"

"ಕೂತ್ಕೊಳ್ಳೋಕೆ ಸರ್."

"ಮತ್ತೆ?"

"ಕೂತ್ರೆ ಮಂಡಿ ಹಿಡ್ಕೊಳತ್ತೆ ಸರ್."

ಅದು ಅರ್ಧ ನಿಜ. ಮಂಡಿ ಹೋಗಿತ್ತು, ಹೌದು. ಆದರೆ ಮಂಡಿ ಸರಿಯಿದ್ದಾಗಲೂ ಸೆಂಡಾ ಕೂತಲ್ಲಿ ಕೂತವಳಲ್ಲ. ಸಾನ್ ಸಿಪ್ರಿಯಾನೋ ಕಾಲೇಜಿನ ಸಾಫ್ಟ್‌ಬಾಲ್ ತಂಡದಲ್ಲಿ ಅವಳಿಗಿದ್ದ ಅಡ್ಡಹೆಸರೇ ಕಿತಿಕಿತಿ, ಎಂದರೆ ನಿಂತ ನೀರಿನಲ್ಲಿ ಮಿಡುಕುವ ಸೊಳ್ಳೆಮರಿ. ಓಡುವವರು ಮುಟ್ಟಬೇಕಾದ ಬೇಸುಗಳಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ನಿಂತು ಚೆಂಡು ತಡೆಯುವ ಕೆಲಸ ಅವಳದು. ಹೊಡೆದ ಚೆಂಡು ನೆಲಕ್ಕೆ ಬಡಿಯುವಷ್ಟರಲ್ಲಿ ಅವಳು ಅಲ್ಲಿರುತ್ತಿದ್ದಳು. ತಾನೇ ಬ್ಯಾಟು ಹಿಡಿದು ಮೊದಲ ಬೇಸು ಮುಟ್ಟಿದಳೆಂದರೆ ಎದುರಾಳಿಗಳಿಗೆ ತಲೆನೋವು. ಚೆಂಡೆಸೆಯುವವಳು, ಎಂದರೆ ಪಿಚರ್, ಕೈಯಿಂದ ಚೆಂಡು ಬಿಟ್ಟ ಗಳಿಗೆಗೇ ಇವಳು ಎರಡನೆಯದಕ್ಕೆ ಓಟ. ದೇಶದ ತಂಡದ ಶಿಬಿರಕ್ಕೂ ಕರೆ ಬಂತು. ಅಲ್ಲಿ ಅಭ್ಯಾಸದ ಪಂದ್ಯವೊಂದರಲ್ಲಿ ಮೂರನೇ ಬೇಸಿಗೆ ಜಾರಿ ಹೋಗುವಾಗ ಬೂಟಿನ ಮೊಳೆ ಒಣಮಣ್ಣಿನಲ್ಲಿ ಕಚ್ಚಿಕೊಂಡಿತು. ಮೈ ಮುಂದೆ ಹೋಯಿತು, ಕಾಲು ಹಿಂದೆಯೇ ಉಳಿಯಿತು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು, ನಡೆಯುವುದಕ್ಕೆ ಅಡ್ಡಿಯಿಲ್ಲ, ಆಟ ಮರೆತುಬಿಡು ಎಂದರು. ಬ್ಯಾಂಕಿನದು ಅದಾದ ಮೇಲಿನ ಕಥೆ.

ಒಂದು ಶುಕ್ರವಾರ ಅವಳ ಹಳೆಯ ಕೋಚ್ ಎಸ್ತೆಬಾನ್ ಬ್ಯಾಂಕಿಗೆ ಬಂದರು. ಊರೆಲ್ಲ ಅವರನ್ನು ಕೋಚ್ ತೆಬಾನ್ ಅನ್ನುತ್ತಿತ್ತು. ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ, ಬಲಗೈಯನ್ನು ಕೌಂಟರಿನ ಮೇಲೆ ಇಟ್ಟರು.

"ಈ ಕೈ ಮೇಲಕ್ಕೆ ಏಳ್ತಿಲ್ಲ ಕಣೇ. ಹುಡುಗೀರಿಗೆ ನೆಲದ ಚೆಂಡು ಹೊಡ್ದು ಕೊಡೋರಿಲ್ಲ. ಸಂಜೆ ಬಂದು ನಾಲ್ಕು ಹೊಡೀತೀಯಾ?"

ಸೆಂಡಾ ಗೋಡೆಯ ಗಡಿಯಾರ ನೋಡಿದಳು. ಮಧ್ಯಾಹ್ನದ ಊಟಕ್ಕೆಂದು ಹೋದವಳು ಬ್ಯಾಂಕಿಗೆ ವಾಪಸು ಬರಲಿಲ್ಲ. ಅವಳ ಕೊಡೆ ಅಲ್ಲೇ ಉಳಿಯಿತು.

ಕೋಚ್ ತೆಬಾನ್ ಆಟ ಕಲಿಸುತ್ತಿದ್ದ ರೀತಿ ನೋಡಿ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕಾಡುಬಾದಾಮಿ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವರು. ಹುಡುಗಿಯರು ತಪ್ಪು ಮಾಡಿದರೆ ನೋಡುವರು. ಮತ್ತೆ ತಪ್ಪು ಮಾಡಿದರೆ ಮತ್ತೆ ನೋಡುವರು. ಮೂರನೇ ಸಲ ಹುಡುಗಿ ತಾನೇ ತಿದ್ದಿಕೊಂಡರೆ ಟೋಪಿ ಸರಿಮಾಡಿಕೊಳ್ಳುವರು.

"ಹೇಳಬಾರದಾ ಕೋಚ್? ಮೊಣಕೈ ಹೊರಗೆ ಹೋಗ್ತಿದೆ ಅಂತ ಒಂದು ಮಾತು!"

"ಹೇಳಿದ್ರೆ ನನ್ನ ಮಾತು ನೆನಪಿರತ್ತೆ. ಮೊಣಕೈ ನೆನಪಿರಲ್ಲ."

"ನಂಗೆ ಅಷ್ಟು ತಾಳ್ಮೆ ಇಲ್ಲಪ್ಪ."

"ಅದು ಇಡೀ ಊರಿಗೇ ಗೊತ್ತು."

ಕೆಲವು ವರ್ಷಕ್ಕೆ ತೆಬಾನ್ ನಿವೃತ್ತರಾಗಿ, ಇಲೋಯ್ಲೋದಲ್ಲಿದ್ದ ತಂಗಿಯ ಮನೆ ಸೇರಿದರು. ತಂಡ ಸೆಂಡಾಳ ಕೈಗೆ ಬಂತು. ಮರದ ಕೆಳಗಿನ ಕುರ್ಚಿಯನ್ನು ಮೊದಲ ದಿನವೇ ಕಾವಲುಗಾರನಿಗೆ ಕೊಟ್ಟುಬಿಟ್ಟಳು.

ಅಲ್ಲಿಂದ ಮೈದಾನದಲ್ಲಿ ಅವಳ ಅಪ್ಪಣೆಯಿಲ್ಲದೆ ಒಂದು ಚೆಂಡೂ ಏಳಲಿಲ್ಲ, ಬೀಳಲಿಲ್ಲ. ಎಲ್ಲದಕ್ಕೂ ಒಂದೊಂದು ಕೈಸನ್ನೆ. ಕಿವಿ ಮುಟ್ಟಿದರೆ ಮೇಲೇಳುವ ಚೆಂಡು, ಮೂಗು ಮುಟ್ಟಿದರೆ ಕೆಳಗೆ ಬೀಳುವ ಚೆಂಡು, ಬೆಲ್ಟು ಸವರಿದರೆ ಹೊರಗಡೆಗೆ. ಬ್ಯಾಟುಗಾರ್ತಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂರುವ ಕ್ಯಾಚರ್ ಪ್ರತಿ ಚೆಂಡಿಗೂ ಬೆಂಚಿನತ್ತ ತಿರುಗಿ ಸೆಂಡಾಳನ್ನು ನೋಡಬೇಕು, ಆಮೇಲೆ ತನ್ನ ಬೆರಳಿನಿಂದ ಪಿಚರಿಗೆ ದಾಟಿಸಬೇಕು. ಹುಡುಗಿಯರು ಊಟದ ಕೋಣೆಯಲ್ಲಿ ಅವಳನ್ನು ಅಣಕಿಸುತ್ತಿದ್ದರು. ಕಿವಿ, ಮೂಗು, ಬೆಲ್ಟು ಮುಟ್ಟಿಕೊಂಡು "ಅನ್ನ ಬಡಿಸು" ಎನ್ನುವರು. ಒಮ್ಮೆ ಸೆಂಡಾ ಬಾಗಿಲಲ್ಲೇ ನಿಂತು ನೋಡಿ, "ಅದು ಅನ್ನ ಅಲ್ಲ, ಮೀನು" ಎಂದು ಹೇಳಿ ಹೋದಳು. ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

ವರ್ಷಗಳು ಹೋದವು. ತಂಡ ಸೋತು ಕೆಟ್ಟದ್ದೂ ಇಲ್ಲ, ಗೆದ್ದು ಬೆಳೆದದ್ದೂ ಇಲ್ಲ. ಒಳ್ಳೆಯ ಪಿಚರ್ ತಯಾರಾದಳು ಎನ್ನುವಾಗ ಮನಿಲಾದ ದೊಡ್ಡ ವಿಶ್ವವಿದ್ಯಾಲಯದವರು ಬಂದು ಹಾರಿಸಿಕೊಂಡು ಹೋಗುವರು. ಸೆಂಡಾ ಮತ್ತೆ ಮೊದಲಿಂದ. ನಡುವೆ ಮದುವೆಯೂ ಆಯಿತು. ಗಂಡ ಅರ್ನುಲ್ಫೋ, ಎಲ್ಲರ ಬಾಯಲ್ಲಿ ನುಲ್ಫೋ, ಫ್ರಿಜ್ಜು, ಏಸಿ ರಿಪೇರಿ ಮಾಡುವವನು. ತಲೆ ದಿಂಬಿಗೆ ತಾಗುವ ಮೊದಲೇ ನಿದ್ದೆ ಹೋಗುವ ಪುಣ್ಯಾತ್ಮ. ಅವರಿಬ್ಬರೂ ಒಬ್ಬರನ್ನೊಬ್ಬರು ಕರೆಯುತ್ತಿದ್ದುದು 'ಗಾ' ಎಂದು. ಅಲ್ಲಿನ ಗಂಡಹೆಂಡಿರ ಮುದ್ದಿನ ಮಾತು ಅದು. ಬೆಳಗಿನ ಕಾಫಿ ಕುಡಿಯುತ್ತ ಇವಳು ಅಡಿಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡಿಗೆಮನೆಗೆ ಓಡಾಡುವುದನ್ನು ನೋಡಿ ಅವನು ಹೇಳುವನು: "ಗಾ, ನಿಂಗೆ ಒಂದು ಥರ್ಮೋಸ್ಟಾಟ್ ಹಾಕ್ಬೇಕು. ಬಿಸಿ ಏರಿದ್ ಕೂಡ್ಲೆ ತಾನೇ ಆಫ್ ಆಗೋ ಥರ."

ಅವಳಿಗೆ ನಲವತ್ತು ದಾಟಿದ ವರ್ಷ ವಲಯದ ಪಂದ್ಯಾವಳಿ ಬಾಕೊಲೋದಿನಲ್ಲೇ ನಡೆಯಿತು. ಆ ಸಲದ ಪಿಚರ್ ಗ್ರೆಚೆಲ್. ಎತ್ತರದ ಹುಡುಗಿ, ಸದಾ ನಗು. ಕ್ಯಾಚರ್ ಒಡೆಸ್ಸಾ ವಿಲ್ಯಾರಿನ್ ಅದಕ್ಕೆ ತದ್ವಿರುದ್ಧ. ಕುಳ್ಳಿ, ಗಟ್ಟಿ ಮೈ, ಮಾತೇ ಇಲ್ಲ. ಮೂರು ವರ್ಷದಿಂದ ಸೆಂಡಾ ಕಿವಿ ಮುಟ್ಟಿದಾಗ ಕಿವಿಯನ್ನೇ, ಮೂಗು ಮುಟ್ಟಿದಾಗ ಮೂಗನ್ನೇ ದಾಟಿಸಿದವಳು. ಅವಳ ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳಿರಲಿಲ್ಲ.

ಸೆಮಿಫೈನಲ್ ಇಲೋಯ್ಲೋ ತಂಡದ ಜೊತೆ. ಹೋಂ ಪ್ಲೇಟಿನ ಹಿಂದೆ ನಿಂತ ಅಂಪೈರ್ ಬಾಲ್ದೆರಾಸ್, ಸೆಂಡಾಳ ಮದುವೆಯಲ್ಲಿ ಧರ್ಮತಂದೆಯಾಗಿ ನಿಂತಿದ್ದವರು. ಆದ್ದರಿಂದ ಅವಳ ಪಾಲಿಗೆ ಅವರು ನೀನೊಂಗ್. ಮೂರನೇ ಇನ್ನಿಂಗ್ಸಿನಲ್ಲಿ ಸಾನ್ ಸಿಪ್ರಿಯಾನೋದ ಹುಡುಗಿಯೊಬ್ಬಳು ಓಟ ಮುಗಿಸಲು ಹೋಂ ಪ್ಲೇಟಿಗೆ ಜಾರಿ ಬಂದಳು. ದೂಳು ಎದ್ದಿತು. ಬಾಲ್ದೆರಾಸ್ ಕೈಮುಷ್ಟಿ ಎತ್ತಿ ಔಟ್ ಎಂದರು. ಸೆಂಡಾ ಬೆಂಚಿನಿಂದ ಅಲ್ಲಿಗೆ ಹೇಗೆ ತಲುಪಿದಳೋ ಯಾರೂ ನೋಡಲಿಲ್ಲ.

"ನೀನೊಂಗ್! ನನ್ನ ಮದುವೇಲಿ ಕನ್ನಡಕ ಹಾಕ್ಕೊಂಡಿದ್ರಲ್ಲ, ಇವತ್ತು ಮನೇಲಿ ಬಿಟ್ ಬಂದ್ರಾ?"

"ಹೋಗಿ ಕೂತ್ಕೋ ಸೆಂಡಾ."

"ಅವಳ ಕಾಲು ತಾಗಿ, ಊಟ ಮಾಡಿ ಬರೋವಷ್ಟು ಹೊತ್ತಾಗಿತ್ತು! ಆಮೇಲೆ ಚೆಂಡು ಬಂತು!"

"ಕೂತ್ಕೋ ಅಂದೆ."

"ಕುರುಡ್ರನ್ನ ಪ್ಲೇಟಿನ ಹಿಂದೆ ನಿಲ್ಸಿದ್ರೆ ಇನ್ನೇನಾಗತ್ತೆ!"

ಬಾಲ್ದೆರಾಸ್ ಮುಖಗವಸು ತೆಗೆದರು. "ಮದುವೆ ದಿನಾನೂ ನಿನ್ ಬಾಯಿ ಹೀಗೇ ಇತ್ತು. ಪಾಪ, ನುಲ್ಫೋಗೆ ಆಗ್ಲೇ ಹೇಳ್ಬೇಕಿತ್ತು ನಾನು. ನಡಿ, ಮೈದಾನದಿಂದ ಆಚೆಗೆ!"

ಹೊರಹಾಕಿದ ಕೋಚ್ ಆಟಗಾರ್ತಿಯರ ಕಣ್ಣಿಗೂ ಬೀಳಬಾರದು, ಕಿವಿಗೂ ಬೀಳಬಾರದು. ಸೆಂಡಾ ಗೇಟು ದಾಟಿ ರಸ್ತೆಗೆ ಬಂದಳು. ಮೈದಾನದ ಗೋಡೆ ಅವಳ ತಲೆಗಿಂತ ಎತ್ತರ. ನಿಂತಿದ್ದ ಒಂದು ಬಾಡಿಗೆ ಟ್ರೈಸಿಕಲ್ ಗಾಡಿಯ ಮೇಲೆ ಹತ್ತಿ ಇಣುಕಿದಳು. ಒಳಗಿಂದ ಬಾಲ್ದೆರಾಸ್ ಬೆರಳು ತೋರಿಸಿ, "ಆ ತಲೆ ಇನ್ನೊಂದ್ಸಲ ಕಂಡ್ರೆ ಪಂದ್ಯ ಅವರದ್ದು!" ಎಂದು ಕೂಗಿದರು. ಇಳಿದಳು.

ಗೋಡೆಗೆ ಒತ್ತಿ ಲೋಲೆಂಗ್ ಎಂಬ ಹೆಂಗಸು ಇದ್ದಿಲಿನ ಮೇಲೆ ಕೋಳಿ ಸುಡುತ್ತಿದ್ದಳು. ಸೆಂಡಾ ಅವಳ ಒಲೆಯ ಮುಂದೆ ಅತ್ತಿಂದಿತ್ತ ಓಡಾಡತೊಡಗಿದಳು. ಒಳಗೆ ಚೆಂಡು ಗ್ಲೌಸಿಗೆ ಬಡಿದ ಸದ್ದು ಬಂದರೆ ನಿಲ್ಲುವಳು. ಬ್ಯಾಟಿನ ಠಣ್ ಸದ್ದು ಬಂದರೆ ಎದೆ ಹಿಡಿದುಕೊಳ್ಳುವಳು. ಅವಳ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು, ಮೂಗಿಗೆ ಹೋಗುತ್ತಿತ್ತು.

"ಏನೇ, ಸೊಳ್ಳೆ ಕಚ್ತಾ ಇದ್ಯಾ?" ಎಂದಳು ಲೋಲೆಂಗ್.

"ಇಲ್ಲ ನಾಂಗ್," ಎಂದಳು ಸೆಂಡಾ, ಹಿರಿಯಕ್ಕನನ್ನು ಕರೆಯುವ ಹಾಗೆ.

"ಹಂಗಾದ್ರೆ ತಗೋ ಈ ಬೀಸಣಿಗೆ. ಕೈ ಸುಮ್ನಿರಲ್ಲ ಅನ್ನೋದಾದ್ರೆ ನನ್ನ ಕೆಂಡಕ್ಕಾದ್ರೂ ಬೀಸು."

ಸೆಂಡಾ ಬೀಸಿದಳು. ಒಳಗೆ ಜನ ಹೋ ಎಂದರೆ ಬಿರುಸಾಗಿ ಬೀಸುವಳು, ಸದ್ದು ಅಡಗಿದರೆ ಬೀಸಣಿಗೆ ಎತ್ತಿಹಿಡಿದು ಹಾಗೇ ನಿಲ್ಲುವಳು. ಲೋಲೆಂಗ್ ಮಜ್ಜಿಗೆಹುಲ್ಲಿನ ಕಡ್ಡಿಯಿಂದ ಕೋಳಿಗೆ ಎಣ್ಣೆ ಸವರಲು ಬಂದಾಗ ಒಂದು ಸಾಲು ಪೂರಾ ಕರಕಲಾಗಿತ್ತು.

"ಅಯ್ಯೋ ನನ್ನ ತಾಯೇ! ಇದು ಕೋಳಿನಾ, ಇದ್ದಿಲಾ? ನಿನ್ನ ಒಳಗಿಂದ್ಲೂ ಹೊರಗೆ ಹಾಕಿದ್ರು, ಇಲ್ಲಿಂದ ಎಲ್ಲಿಗೆ ಹಾಕ್ಲಿ ನಾನು?"

ಅಷ್ಟರಲ್ಲಿ ಒಳಗೆ ದೊಡ್ಡ ಗದ್ದಲ. ಯಾರ ಕಡೆಯದೆಂದು ತಿಳಿಯಲಿಲ್ಲ. ಕಾಲೇಜಿನ ಡೋಲು ಬಾರಿಸಿದ್ದು ಕೇಳಿದ ಮೇಲೆ ತಿಳಿಯಿತು. ಒಂದು–ಸೊನ್ನೆ. ಗೆದ್ದಿದ್ದರು.

ಓಡಿ ಒಳಗೆ ಹೋದಳು. ಹುಡುಗಿಯರು ಗ್ರೆಚೆಲ್ ಮೇಲೆ, ಒಡೆಸ್ಸಾ ಮೇಲೆ ರಾಶಿ ಬಿದ್ದು ಕಿರುಚುತ್ತಿದ್ದರು. ಅವಳನ್ನು ಕಂಡದ್ದೇ ಒಬ್ಬೊಬ್ಬರಾಗಿ ಎದ್ದು ಬಟ್ಟೆಯ ಮಣ್ಣು ಕೊಡವಿಕೊಂಡರು. ಕಿರುಚಾಟ ನಿಂತಿತು. ಸೋತು ಬಂದಾಗಲೂ ಆ ಬೆಂಚು ಅಷ್ಟು ಸುಮ್ಮನಾದದ್ದನ್ನು ಸೆಂಡಾ ನೋಡಿರಲಿಲ್ಲ.

"ಕ್ಷಮಿಸಿ ಕೋಚ್," ಎಂದಳು ಒಡೆಸ್ಸಾ. "ನೀವು ಹೇಳ್ಕೊಟ್ಟ ಹಾಗೆ ಆಡ್ಲಿಲ್ಲ. ನಿಧಾನದ ಚೆಂಡು ತುಂಬ ಹಾಕ್ಸಿದೆ."

"ಗೆದ್ದು ಯಾರಾದ್ರೂ ಕ್ಷಮೆ ಕೇಳ್ತಾರೇನೇ?" ಎಂದು ಸೆಂಡಾ ಜೋರಾಗಿ ನಕ್ಕಳು. ಅವಳೊಬ್ಬಳೇ ನಕ್ಕಳು. ಆಮೇಲೆ ಕೇಳಿದಳು: "ನಿಧಾನದ್ದು ಹಾಕ್ಸ್‌ಬೇಕು ಅಂತ ಹೇಗೆ ಗೊತ್ತಾಯ್ತು?"

"ಅವರು ಮುಂಗಾಲು ಬೇಗ ಎತ್ತುತಾ ಇದ್ರು ಕೋಚ್. ಎಲ್ರೂನೂ."

"ಮೊದಲ ಇನ್ನಿಂಗ್ಸಿಂದ್ಲೂ?"

"ಇರ್ಬೇಕು. ಆಗ ನಾನು ನಿಮ್ಮನ್ನ ನೋಡ್ತಿದ್ದೆ."

ಮನೆಗೆ ಬಂದಾಗ ನುಲ್ಫೋ ಅಂಗಳದಲ್ಲಿ ಯಾರದೋ ಫ್ರಿಜ್ಜಿನ ಬೆನ್ನು ಬಿಚ್ಚಿಕೊಂಡು ಕೂತಿದ್ದ.

"ಗೆದ್ರಂತೆ?"

"ಹೂಂ, ಗೆದ್ರು."

ಅವನು ಸ್ಪ್ಯಾನರ್ ಕೆಳಗಿಟ್ಟ. "ಗೆದ್ವಿ ಅಂತಿದ್ದೆ ಯಾವಾಗ್ಲೂ."

ಸೆಂಡಾ ಬಟ್ಟೆ ಒಣಗಿಸುವ ತಂತಿಯ ಉದ್ದಕ್ಕೂ ನಡೆದು ಕ್ಲಿಪ್ಪುಗಳನ್ನೆಲ್ಲ ಒಂದು ತುದಿಗೆ ಸರಿಸಿದಳು, ಮತ್ತೆ ಇನ್ನೊಂದು ತುದಿಗೆ ಸರಿಸಿದಳು. "ನಾನಿಲ್ದೇನೇ ಚೆನ್ನಾಗ್ ಆಡ್ತಾರೆ ಗಾ," ಎಂದಳು ಕೊನೆಗೆ.

"ಒಳ್ಳೇದಲ್ವಾ? ನಾನು ರಿಪೇರಿ ಮಾಡಿದ ಫ್ರಿಜ್ಜು ನಾನು ಪಕ್ಕದಲ್ಲಿ ನಿಂತ್ರೆ ಮಾತ್ರ ತಣ್ಣಗಾಗೋದಾದ್ರೆ ಯಾರು ನನ್ನ ಕರೀತಾರೆ?"

ಮಾತು ಸರಿಯಾಗಿತ್ತು. ಸರಿಯಾದ ಮಾತು ಅವಳಿಗೆ ಆ ಸಂಜೆ ಬೇಕಿರಲಿಲ್ಲ.

ಮರುದಿನ ಫೈನಲ್. ಶಿಕ್ಷೆ ಒಂದೇ ಪಂದ್ಯಕ್ಕಿದ್ದುದರಿಂದ ಸೆಂಡಾ ಬೆಂಚಿಗೆ ಬಂದಳು. ಬಂದವಳು ಒಡೆಸ್ಸಾಳನ್ನು ಕರೆದು, "ಇವತ್ತೂ ನೀನೇ ನಡೆಸು. ನನ್ನ ಕಡೆ ತಿರುಗಬೇಡ," ಎಂದಳು. ಒಡೆಸ್ಸಾ ನಂಬದವಳ ಹಾಗೆ ತಲೆಯಾಡಿಸಿದಳು.

ಐದು ಇನ್ನಿಂಗ್ಸ್ ಸೆಂಡಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ತಂಡ ಒಂದು ಓಟ ಮುಂದಿತ್ತು. ಆರನೆಯದರಲ್ಲಿ ಎದುರಾಳಿಗಳ ಇಬ್ಬರು ಬೇಸು ಹಿಡಿದರು, ಅವರ ಬಲವಾದ ಬ್ಯಾಟುಗಾರ್ತಿ ಬಂದಳು. ಗ್ರೆಚೆಲ್ ನಗು ನಿಲ್ಲಿಸಿದಳು. ಸೆಂಡಾ ಎದ್ದು ನಿಂತಳು. "ಡೆಸ್!" ಎಂದು ಕೂಗಿದಳು. ಒಡೆಸ್ಸಾ ತಿರುಗಿದಳು. ಸೆಂಡಾ ಕಿವಿ ಮುಟ್ಟಿದಳು.

ಒಡೆಸ್ಸಾ ಮುಖಗವಸಿನ ಸರಳುಗಳ ಹಿಂದಿನಿಂದ ಅವಳನ್ನೇ ನೋಡಿದಳು. ಆಮೇಲೆ ಮುಂದಕ್ಕೆ ತಿರುಗಿ ಬೆರಳು ಹಾಕಿದಳು. ಗ್ರೆಚೆಲ್ ಮೇಲೇಳುವ ಚೆಂಡು ಬಿಟ್ಟಳು. ಬ್ಯಾಟುಗಾರ್ತಿ ಅದಕ್ಕೇ ಕಾದಿದ್ದಳೋ ಏನೋ, ಚೆಂಡು ಎಡಗಡೆಯ ಬೇಲಿ ದಾಟಿ ತೆಂಗಿನ ತೋಪಿಗೆ ಬಿತ್ತು, ಒಂದೇ ಏಟಿಗೆ ಮೂರು ಓಟ.

ಸೋತ ಮೇಲೆ ಊರ ರೇಡಿಯೋದವನು ಬಂದು, ಆ ಚೆಂಡು ಯಾರ ತೀರ್ಮಾನ ಎಂದು ಒಡೆಸ್ಸಾಳನ್ನು ಕೇಳಿದ. "ಕ್ಯಾಚರಿಂದು" ಎಂದಳು ಆಕೆ, ಪ್ಯಾಡು ಬಿಚ್ಚುತ್ತ. ಎರಡು ಮಾರು ದೂರದಲ್ಲಿ ನಿಂತಿದ್ದ ಸೆಂಡಾ ಬಾಯಿ ತೆರೆದಳು. ರೇಡಿಯೋದವನು ಆಗಲೇ ಗೆದ್ದವರ ಕಡೆ ಹೊರಟಿದ್ದ. ಅವಳು ಬಾಯಿ ಮುಚ್ಚಿದಳು.

ಹೊಸ ಋತುವಿನ ಅಭ್ಯಾಸ ಶುರುವಾದಾಗ ಒಡೆಸ್ಸಾ ಬರಲಿಲ್ಲ. ಮೊದಲ ವಾರ ಸೆಂಡಾ, ಹೋಗಲಿ, ಬೇರೆ ಕ್ಯಾಚರ್ ಇಲ್ಲವೇ ಎಂದಳು. ಎರಡನೇ ವಾರ ಅವಳ ಸನ್ನೆಗಳು ಹೊಸ ಹುಡುಗಿಗೆ ತಿಳಿಯದೆ ಚೆಂಡು ಒಂದು ಕಡೆ, ಗ್ಲೌಸು ಒಂದು ಕಡೆ. ಗ್ರೆಚೆಲ್ ಬಂದು, "ಕೋಚ್, ಡೆಸ್ ಸಿಲಾಯ್‌ನಲ್ಲಿ ಅತ್ತೆ ಬೇಕರೀಲಿದಾಳೆ. ನಾವೆಲ್ಲ ಕರ್ದು ನೋಡಿದ್ವಿ," ಎಂದಳು. ನೀವು ಹೋಗಿ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಸೆಂಡಾ ಅಲ್ಲಿಗೆ ಹೋಗುವ ಜೀಪ್ನಿ, ಎಂದರೆ ಬಾಡಿಗೆ ಜೀಪು, ಹತ್ತಿದಳು. ಬೇಕರಿಯ ಹಿಂದುಗಡೆ ಒಡೆಸ್ಸಾ ಬೆಲ್ಲ ತುಂಬಿದ ಪಿಯಾಯ ರೊಟ್ಟಿಗಳನ್ನು ಲಟ್ಟಿಸುತ್ತಿದ್ದಳು. ಕೋಚನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಕೂತ್ಕೊಳ್ಳಿ ಕೋಚ್."

"ಕೂರಲ್ಲ. ರೇಡಿಯೋದವನಿಗೆ ಯಾಕೆ ಹಂಗಂದೆ?"

"ಬೆರಳು ಹಾಕಿದ್ದು ನಾನೇ ಅಲ್ವಾ?"

"ಕಿವಿ ಮುಟ್ಟಿದ್ದು ನಾನು."

"ನೀವು ಮುಟ್ಟಿದ್ರಿ. ನಾನು ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಅದೇ ನಂಗೆ ಸಿಟ್ಟು. ನಿಮ್ಮ ಮೇಲಲ್ಲ." ಒಡೆಸ್ಸಾ ಹಿಟ್ಟಿನ ಕೈಯಿಂದ ಹಣೆ ಒರೆಸಿಕೊಂಡಳು. ಆಮೇಲೆ, "ನಿಮ್ಮ ಮೇಲೂ ಇದೆ ಸ್ವಲ್ಪ," ಎಂದಳು.

ಸೆಂಡಾ ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ಓಡಾಡಿದಳು. "ತಪ್ಪು ನಂದೇ. ರೇಡಿಯೋದವನ ಮುಂದೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ನಾಳೆ ತಂಡದ ಮುಂದೆ ಹೇಳ್ತೀನಿ. ನೀನು ಬಾ. ಯಾವ ಚೆಂಡು ಅನ್ನೋದು ಇನ್ಮೇಲೆ ನಿಂದೇ ತೀರ್ಮಾನ."

"ಹಾಗಂತ ಅವತ್ತು ಬೆಳಗ್ಗೇನೂ ಹೇಳಿದ್ರಿ."

"ಹೌದು."

"ಬೆಂಚಲ್ಲಿ ಕೂತ್ರೆ ನಿಮ್ ಕೈಲಿ ಆಗಲ್ಲ ಕೋಚ್. ನಾನು ನಂಬಲ್ಲ."

"ನಾನೂ ನಂಬಲ್ಲ," ಎಂದಳು ಸೆಂಡಾ. "ಅದಕ್ಕೇ ಬೆಂಚಲ್ಲಿ ಇರಲ್ಲ."

ಹೇಗೆಂದು ಅವಳಿಗೆ ಆಗ ತಿಳಿದಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದಿದ್ದಳು, ಅಷ್ಟೆ. ಜೀಪ್ನಿಯಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಮರುದಿನ ಹುಡುಗಿಯರನ್ನು ಸುತ್ತ ನಿಲ್ಲಿಸಿ ಆ ಚೆಂಡು ತನ್ನದು ಎಂದಳು. "ಗೊತ್ತು ಕೋಚ್" ಎಂದು ಹಿಂದಿನಿಂದ ಯಾರೋ ಅಂದರು, ಉಳಿದವರು ಕಿಸಕ್ಕೆಂದರು. ಒಡೆಸ್ಸಾ ಎರಡು ದಿನ ಬಿಟ್ಟು ಬಂದಳು.

ಆ ಋತುವಿನಿಂದ ಒಂದು ಹೊಸ ಏರ್ಪಾಡಾಯಿತು. ತಂಡ ಬ್ಯಾಟು ಹಿಡಿದಾಗ ಸೆಂಡಾ ಮೂರನೇ ಬೇಸಿನ ಪಕ್ಕ ನಿಂತು ಓಡುವವರನ್ನು ಕೈಬೀಸಿ ಅಟ್ಟುವಳು. ತಂಡ ಚೆಂಡು ಹಾಕುವಾಗ ದೂರದ ಬೇಲಿಯ ಮೂಲೆಗೆ ಹೋಗಿ, ಮಗುಚಿಟ್ಟ ಬಕೆಟ್ಟಿನ ಮೇಲೆ ಕೆಟ್ಟ ಮಂಡಿ ಚಾಚಿ ಕೂತು, ಮುಂದೆ ಆಡಬೇಕಾದ ಎಳೆಯ ಪಿಚರುಗಳ ಚೆಂಡು ಹಿಡಿಯುವಳು. ಅಲ್ಲಿಂದ ಒಡೆಸ್ಸಾಳ ಬೆರಳು ಕಾಣುತ್ತಿರಲಿಲ್ಲ. ಕಾಣಬಾರದೆಂದೇ ಬೆನ್ನು ಮಾಡಿ ಕೂರುತ್ತಿದ್ದಳು. ಗದ್ದಲವಾದಾಗಲೆಲ್ಲ ಕತ್ತು ತಿರುಗುತ್ತಿತ್ತು. ಎದುರಿನ ಹುಡುಗಿ, "ಕೋಚ್, ಇಲ್ಲಿ," ಎನ್ನುವಳು. ಒಮ್ಮೊಮ್ಮೆ ತಿರುಗಿದ ಕತ್ತು ತಿರುಗಿಯೇ ಇರುವಾಗ ಚೆಂಡು ಬಂದು ಭುಜಕ್ಕೋ ಮೊಣಕಾಲಿಗೋ ಬಡಿಯುವುದೂ ಇತ್ತು. ಮನೆಯಲ್ಲಿ ನುಲ್ಫೋ ಮಂಜುಗಡ್ಡೆ ಕಟ್ಟುತ್ತ, "ಅಂಪೈರು ನಿನ್ನ ಹೊರಗೆ ಹಾಕಿದ್ದೇ ಸರಿ," ಎನ್ನುವನು.

ಆ ವರ್ಷವೂ ಅವರು ವಲಯ ಗೆಲ್ಲಲಿಲ್ಲ. ಮುಂದಿನ ವರ್ಷ ಗೆದ್ದರು, ಗ್ರೆಚೆಲ್ ಮನಿಲಾಗೆ ಹೋದ ಮೇಲೆ, ಬೇಲಿಯ ಮೂಲೆಯಲ್ಲಿ ತಯಾರಾದ ಕಾನ್ಲಾವೋನ್ ಗುಡ್ಡದ ಕಡೆಯ ಹುಡುಗಿಯೊಬ್ಬಳ ತೋಳಿನಿಂದ. ಕೋಚ್ ತೆಬಾನ್ ಇಲೋಯ್ಲೋದಿಂದ ಫೋನು ಮಾಡಿ, "ಕೇಳ್ದೆ," ಎಂದಷ್ಟೇ ಹೇಳಿ ಇಟ್ಟರು. ಸೆಂಡಾ ಆ ಒಂದು ಮಾತನ್ನು ಹಿಡಿದುಕೊಂಡು ಇಡೀ ದಿನ ಕಾಲೇಜಿನ ವರಾಂಡ ಸುತ್ತಿದಳು.

ಮನಿಲಾದಿಂದ ಅವಳಿಗೂ ಕರೆ ಬಂತು. ದೊಡ್ಡ ಸಂಬಳ, ಹಸಿರು ಹಾಸಿನ ಮೈದಾನ, ಅಲ್ಲೇ ಮನೆ. ಹೋಗಿ ನೋಡಿದಳು. ಕೋಚಿಗೆಂದು ಗಾಜಿನ ಕೋಣೆ ಇತ್ತು, ಅದರಲ್ಲಿ ಮೆತ್ತನೆಯ ಆಸನ. ಕೋಣೆ ತೋರಿಸಿದವರು ಮಾತು ಮುಗಿಸುವ ಮೊದಲೇ ಅವಳು ಕೈ ಕುಲುಕಿ ಹೊರಟಳು. ವಿಮಾನದ ಟಿಕೆಟ್ಟು ಮರುದಿನಕ್ಕಿತ್ತು, ಕಾಯಲಾರದೆ ಆ ದಿನದ ಹಡಗು ಹಿಡಿದಳು.

ಕೆಲವು ವರ್ಷದ ಮೇಲೆ ತಂಡವನ್ನು ಒಡೆಸ್ಸಾಳಿಗೆ ವಹಿಸಿದಳು. ಕಾಲೇಜಿನವರು ಸೆಂಡಾಳಿಗೆ ಸಲಹೆಗಾರ್ತಿ ಎಂದು ಹೆಸರು ಕೊಟ್ಟರು. ಅದರ ಅರ್ಥ ಅವಳೇ ಮಾಡಿಕೊಂಡಳು. ಬಸ್ಸು, ಜೀಪ್ನಿ, ದೋಣಿ ಹತ್ತಿ ಊರೂರು ಅಲೆದು ಹುಡುಗಿಯರನ್ನು ಹುಡುಕುವುದು. ಮನೆಗೆ ಬಂದರೂ ಚೀಲ ಬಿಚ್ಚುವುದಿಲ್ಲ. ಅಲ್ಲೊಬ್ಬಳು ಕಬ್ಬಿನ ಲಾರಿಯ ಮೇಲಕ್ಕೆ ಕಟ್ಟು ಎಸೆಯುತ್ತಾಳಂತೆ, ಇಲ್ಲೊಬ್ಬಳು ಅಣ್ಣಂದಿರನ್ನೆಲ್ಲ ಓಟದಲ್ಲಿ ಸೋಲಿಸುತ್ತಾಳಂತೆ. ಹತ್ತು ಕಡೆ ಹೋದರೆ ಒಂಬತ್ತು ಕಡೆ ಬರಿಗೈ. ಮಂಡಿ ಊದಿಕೊಳ್ಳುತ್ತದೆ, ನುಲ್ಫೋ ಬೈಯುತ್ತಾನೆ, ಅವಳು ಮತ್ತೆ ಹೊರಡುತ್ತಾಳೆ. ಸಿಕ್ಕಿದವಳು ಚೆನ್ನಾಗಿ ಆಡಿದರೂ ಸಮಾಧಾನವಿಲ್ಲ. ಸಿಗದೆ ಉಳಿದವಳು ಎಲ್ಲಿದ್ದಾಳೋ ಎನ್ನುವುದು ಅವಳ ಚಿಂತೆ.

ಕಳೆದ ಬೇಸಿಗೆಯಲ್ಲಿ ಗಿಮರಾಸ್ ದ್ವೀಪದ ದೋಣಿ ಹತ್ತುವಾಗ ಒಡೆಸ್ಸಾ ಫೋನು ಮಾಡಿದಳು.

"ಕೋಚ್, ಶನಿವಾರ ಪಂದ್ಯ ಇದೆ. ಬರ್ತೀರಾ?"

"ನೀನಿದೀಯಲ್ಲ. ಯಾಕೆ, ಭಯಾನಾ?"

"ಭಯ ಇದ್ದೇ ಇದೆ. ನೀವು ಬಂದ್ರೆ ಇನ್ನೂ ಜಾಸ್ತಿ. ಸುಮ್ನೆ ಕೇಳ್ದೆ."

ದೋಣಿಯ ಸದ್ದಿನಲ್ಲಿ ಸೆಂಡಾಳ ನಗು ಅವಳಿಗೆ ಕೇಳಿಸಿತೋ ಇಲ್ಲವೋ.

ದ್ವೀಪದಲ್ಲಿ ಯಾರೋ ಹೇಳಿದ ಗುರುತು ಹಿಡಿದು ಒಂದು ಮಾವಿನ ತೋಟದ ಬೇಲಿಗೆ ಬಂದಳು. ಹದಿನಾರರ ಹುಡುಗಿಯೊಬ್ಬಳು ಬರಿಗಾಲಿನಲ್ಲಿ ನಿಂತು ಕಲ್ಲು ಬೀಸುತ್ತಿದ್ದಳು. ಹೊಸಬಳನ್ನು ಕಂಡು ಕೈಯ ಕಲ್ಲನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ತೋಟದ ಯಜಮಾನಿನಾ ನೀವು?"

"ಅಲ್ಲ."

"ಮತ್ತೆ ಯಾಕ್ ಹಂಗ್ ನೋಡ್ತೀರಿ?"

"ಆ ತುದೀ ಕೊಂಬೇಲಿ ಜೋಡಿ ಕಾಯಿ ಇದ್ಯಲ್ಲ, ಅದರಲ್ಲಿ ಎಡಗಡೇದನ್ನ ಬೀಳಿಸ್ತೀಯಾ?"

ಹುಡುಗಿ ಮೇಲೆ ನೋಡಿದಳು. ಹಿಂದಕ್ಕೆ ಎರಡು ಹೆಜ್ಜೆ ಸರಿದಳು. "ಎರಡೂ ಬಿದ್ರೆ?" ಎಂದು ಕೇಳಿದಳು.